ಚಳ್ಳಕೆರೆ ಶಾಖೆಗೆ ಸರ್ವರ್ ಸಿಗುತ್ತಿಲ್ಲ, ಊರಿಗೆಲ್ಲ ಸಿಗುತ್ತಿದೆ

ಪ್ರಶ್ನೆ: ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ ಸರ್. ಕಂಪ್ಯೂಟರ್ ಸ್ವಲ್ಪ ಗೊತ್ತು ಅಂತ ಸರ್ವರ್ ನೋಡಿಕೊಳ್ಳುವ ಕೆಲಸವೂ ನನಗೇ ಬಂದಿದೆ. ಸರ್ವರ್ ಮುಂಬೈಯಲ್ಲಿದೆ, ಬಾಡಿಗೆಯದು. ಮೊದಲು ಸೆಂಟ್‌ಓಎಸ್ 7 ಅನ್ನುವ ಲಿನಕ್ಸ್ ಇತ್ತು. ಅದರ ಕಾಲ ಮುಗಿಯಿತು ಅಂತ ಹೊಸ ಸರ್ವರ್ ತಗೊಂಡು ಆಲ್ಮಾಲಿನಕ್ಸ್ 9 ಹಾಕಿಸಿದೆವು. ಹಳೆಯದರಲ್ಲಿ ಹೋಸ್ಟ್ಸ್.ಡಿನೈ ಫೈಲಿನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಲಾಗಿನ್ ಆಗುವ ದಾರಿ) ಎಲ್ಲರಿಗೂ ಬಂದ್ ಮಾಡಿ, ಹೋಸ್ಟ್ಸ್.ಅಲೋ ಫೈಲಿನಲ್ಲಿ ಅಂಗಡಿಯ ಐಪಿ ಒಂದನ್ನೇ ಬಿಟ್ಟಿದ್ದೆವು. ಆ ಎರಡೂ ಫೈಲನ್ನು ಹಾಗೇ ಹೊಸದಕ್ಕೆ ಕಾಪಿ ಮಾಡಿದ್ದೇನೆ. ಆದರೂ ಲಾಗ್ ತೆಗೆದರೆ ರಾತ್ರಿಯಿಡೀ 'ಫೇಲ್ಡ್ ಪಾಸ್‌ವರ್ಡ್' ಸಾಲುಗಳು, ಯಾವ್ಯಾವುದೋ ದೇಶದ ಐಪಿಗಳಿಂದ. ಇತ್ತ ಚಳ್ಳಕೆರೆ ಶಾಖೆಯ ಎರಡು ಉಬುಂಟು ಕಂಪ್ಯೂಟರುಗಳಿಗೆ ಪೋಸ್ಟ್‌ಗ್ರೆಸ್ ಡೇಟಾಬೇಸೇ ಸಿಗುತ್ತಿಲ್ಲ. 'ನೋ ರೂಟ್ ಟು ಹೋಸ್ಟ್' ಅನ್ನುತ್ತೆ. ಹಳೇ ಸರ್ವರ್ ಇದ್ದಾಗ ಸಿಗುತ್ತಿತ್ತು. ಅಂಗಡಿಯಿಂದ ಈಗಲೂ ಸಿಗುತ್ತೆ. ಬ್ರಾಡ್‌ಬ್ಯಾಂಡಿನವರು ಲೈನ್ ಸರಿ ಇದೆ ಅಂತಾರೆ. ಸ್ನೇಹಿತರೊಬ್ಬರು ಎಸ್‌ಎಸ್‌ಎಚ್ ಪೋರ್ಟ್ 2222 ಮಾಡು, ಪಿಂಗ್ ಬಂದ್ ಮಾಡು ಅಂದರು. ಇನ್ನೊಬ್ಬರು ಫೈರ್‌ವಾಲೇ ನಿಲ್ಲಿಸಿಬಿಡು ಅಂದರು. ಏನೋ ಮಾಡಲು ಹೋಗಿ ನಾನೇ ಹೊರಗೆ ಉಳಿದರೆ ಗತಿ ಏನು ಅಂತ ಭಯ. ನಮ್ಮ ಸರ್ವರ್ ಹ್ಯಾಕ್ ಆಗಿದೆಯಾ?

ಉತ್ತರ: ಬೇಡದವರು ಬಂದು ತಟ್ಟುತ್ತಿದ್ದಾರೆ, ಬೇಕಾದವರಿಗೆ ಬರಲು ಆಗುತ್ತಿಲ್ಲ. ಮೇಲ್ನೋಟಕ್ಕೆ ಇವು ಬೇರೆ ಬೇರೆ ತೊಂದರೆ. ಆದರೆ ನೀವು ಬರೆದದ್ದನ್ನು ಓದಿದರೆ ಬೇರು ಒಂದೇ ಅನ್ನಿಸುತ್ತೆ. ನೀವು ಬರೆದಿಟ್ಟ ನಿಯಮ ಒಂದು, ಸರ್ವರಿನಲ್ಲಿ ನಿಜವಾಗಿ ನಡೆಯುತ್ತಿರುವ ನಿಯಮ ಇನ್ನೊಂದು. ಹಾಗಾಗಿ ಹೊಸ ಬೀಗ ಹಾಕುವ ಮೊದಲು, ಈಗ ಯಾರನ್ನು ಯಾವ ಪದರ ತಡೆಯುತ್ತಿದೆ ಅಂತ ಕಂಡುಕೊಳ್ಳೋಣ.

ಮೊದಲು ನಿಮ್ಮ ಕೊನೆಯ ಪ್ರಶ್ನೆ. 'ಫೇಲ್ಡ್ ಪಾಸ್‌ವರ್ಡ್' ಸಾಲು ಎಷ್ಟೇ ಇರಲಿ, ಅದೊಂದರಿಂದ ಹ್ಯಾಕ್ ಆಗಿದೆ ಅನ್ನಲು ಬರಲ್ಲ. ಹೆಸರೇ ಹೇಳುವಂತೆ ಅವೆಲ್ಲ ಸೋತ ಪ್ರಯತ್ನಗಳು. ಯಾರೋ ಕೂತು ನಿಮ್ಮ ದಲಾಲಿ ಅಂಗಡಿಯನ್ನೇ ಗುರಿ ಇಟ್ಟಿಲ್ಲ. ಇಂಟರ್‌ನೆಟ್ಟಿನ ಇಡೀ ಐಪಿವಿ4 ವಿಳಾಸಗಳ ಲೋಕವನ್ನು ಒಂದೇ ಮೆಷಿನ್‌ನಿಂದ ಮುಕ್ಕಾಲು ಗಂಟೆಯಲ್ಲಿ ಜಾಲಾಡಬಹುದು ಅಂತ ಮಿಷಿಗನ್ ವಿಶ್ವವಿದ್ಯಾಲಯದವರು 2013ರಲ್ಲೇ ಝಡ್‌ಮ್ಯಾಪ್ ಅನ್ನುವ ಸ್ಕ್ಯಾನರ್ ಮಾಡಿ ತೋರಿಸಿದ್ದಾರೆ. ಪಬ್ಲಿಕ್ ಐಪಿ ಇರುವ ಯಾವ ಸರ್ವರಿಗೂ ಈ ಕಾಟ ತಪ್ಪಿದ್ದಲ್ಲ.

ನೀವು ಹುಡುಕಬೇಕಾದ ಪದ 'ಆಕ್ಸೆಪ್ಟೆಡ್'. ಆಲ್ಮಾದಲ್ಲಿ /ವಾರ್/ಲಾಗ್/ಸೆಕ್ಯೂರ್ ಫೈಲಿನಲ್ಲೂ ಅದರ ಹಳೇ ಪ್ರತಿಗಳಲ್ಲೂ ಆ ಪದವನ್ನು ಗ್ರೆಪ್ ಕಮಾಂಡಿನಿಂದ ಹುಡುಕಿ. ಪ್ರತಿ ಸಾಲಿನಲ್ಲಿ ಯಾವ ಯೂಸರ್, ಯಾವ ಐಪಿ, ಎಷ್ಟು ಹೊತ್ತಿಗೆ, ಪಾಸ್‌ವರ್ಡಿನಿಂದಲೋ, ಪಾಸ್‌ವರ್ಡ್ ಬದಲು ಬಳಸುವ ಕೀ ಫೈಲಿನಿಂದಲೋ ಅಂತ ಇರುತ್ತೆ. ಎಲ್ಲವೂ ಅಂಗಡಿಯ ಐಪಿ, ಅಂಗಡಿಯ ಹೊತ್ತು ಆಗಿದ್ದರೆ ಅರ್ಧ ನೆಮ್ಮದಿ. ಜೊತೆಗೆ ರೂಟ್ ಮತ್ತು ನಿಮ್ಮ ಯೂಸರಿನ ಆಥರೈಸ್ಡ್ ಕೀಸ್ ಫೈಲ್ ತೆರೆದು, ಗೊತ್ತಿಲ್ಲದ ಕೀ ಇದೆಯಾ ನೋಡಿ. ರಾತ್ರಿ ಎರಡು ಗಂಟೆಗೆ ಹೊರದೇಶದ ಐಪಿಯಿಂದ ಒಂದೇ ಒಂದು 'ಆಕ್ಸೆಪ್ಟೆಡ್' ಸಾಲು ಸಿಕ್ಕರೂ ಈ ಉತ್ತರವನ್ನು ಪಕ್ಕಕ್ಕಿಡಿ. ಆಗ ರಿಪೇರಿ ಮಾಡಲು ಹೋಗಬೇಡಿ. ಹೊಸ ಸರ್ವರ್ ತಗೊಂಡು, ಬ್ಯಾಕಪ್ಪಿನಿಂದ ಡೇಟಾ ಮಾತ್ರ ತಂದುಕೊಳ್ಳಿ.

ಈಗ ಹೋಸ್ಟ್ಸ್.ಡಿನೈ ವಿಷಯ. ನೀವು ಮಾಡಿದ್ದು ಒಂದು ಕಾಲಕ್ಕೆ ಸರಿಯಾದ ಪದ್ಧತಿಯೇ. ವೀಟ್ಸೆ ವೆನೆಮಾ ಅನ್ನುವವರು 1990ರಲ್ಲಿ ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಈ ಎರಡು ಫೈಲುಗಳನ್ನು ಓದುವ ಟಿಸಿಪಿ ರ‍್ಯಾಪರ್ಸ್ ಬರೆದರು. ಆಗ ಯುನಿಕ್ಸ್ ಸರ್ವರುಗಳಲ್ಲಿ ಈಗಿನಂಥ ಫೈರ್‌ವಾಲ್ ಇರಲಿಲ್ಲ. ಮೊದಲು ಅಲೋ ಫೈಲ್ ನೋಡುವುದು, ಅಲ್ಲಿ ಹೆಸರಿದ್ದರೆ ಬಿಡುವುದು. ಇಲ್ಲದಿದ್ದರೆ ಡಿನೈ ನೋಡುವುದು. ಎರಡರಲ್ಲೂ ಇಲ್ಲದಿದ್ದರೆ ಬಿಟ್ಟುಬಿಡುವುದು. ಇಷ್ಟೇ ಅದರ ಕೆಲಸ.

ಆದರೆ ಆ ಫೈಲುಗಳನ್ನು ಕರ್ನಲ್ (ಲಿನಕ್ಸಿನ ತಿರುಳು) ಓದುವುದಿಲ್ಲ. ಲಿಬ್‌ರ‍್ಯಾಪ್ ಅನ್ನುವ ಲೈಬ್ರರಿಯನ್ನು ಜೋಡಿಸಿಕೊಂಡ ಪ್ರೋಗ್ರಾಂ ಮಾತ್ರ ಓದುತ್ತೆ. ಎಸ್‌ಎಸ್‌ಎಚ್ ಪ್ರೋಗ್ರಾಂ ಮಾಡುವ ಓಪನ್‌ಎಸ್‌ಎಸ್‌ಎಚ್‌ನವರು 2014ರಲ್ಲಿ 6.7ನೇ ಆವೃತ್ತಿಯಲ್ಲೇ ಅದನ್ನು ಕೈಬಿಟ್ಟರು. ಸೆಂಟ್‌ಓಎಸ್‌ಗೆ ಮೂಲವಾದ ರೆಡ್ ಹ್ಯಾಟ್ ಲಿನಕ್ಸಿನವರು ತಮ್ಮ 7ರವರೆಗೆ ತಾವೇ ಪ್ಯಾಚ್ ಹಾಕಿ ಉಳಿಸಿಕೊಂಡಿದ್ದರು, 2019ರಲ್ಲಿ ಬಂದ 8ರಿಂದ ತೆಗೆದುಹಾಕಿದರು. ಆಲ್ಮಾ 9 ಅದೇ ವಂಶದ್ದು. ಅಂದರೆ ನಿಮ್ಮ ಹೊಸ ಸರ್ವರಿನಲ್ಲಿ ಆ ಫೈಲ್ ಬಾಗಿಲಿಗೆ ನೇತುಹಾಕಿದ ಬೋರ್ಡಿನ ಹಾಗೆ ಇದೆ, ಓದುವವರು ಯಾರೂ ಇಲ್ಲ. ತಪ್ಪು ಅಂತ ಎಲ್ಲೂ ಎರರ್ ಕೂಡ ಬರಲ್ಲ. ನೀವೇ ಖಾತ್ರಿ ಮಾಡಿಕೊಳ್ಳಿ: ಎಲ್‌ಡಿಡಿ ಕಮಾಂಡಿಗೆ, ಸರ್ವರಿನಲ್ಲಿ ಎಸ್‌ಎಸ್‌ಎಚ್ ನಡೆಸುವ ಎಸ್‌ಎಸ್‌ಎಚ್‌ಡಿ ಪ್ರೋಗ್ರಾಮಿನ ದಾರಿ ಕೊಟ್ಟು, ಬಂದ ಪಟ್ಟಿಯಲ್ಲಿ ಲಿಬ್‌ರ‍್ಯಾಪ್ ಇದೆಯಾ ನೋಡಿ. ಇರುವುದಿಲ್ಲ. ಡೆಬಿಯನ್, ಉಬುಂಟುವಿನವರು ತಮ್ಮ ಪ್ಯಾಚ್ ಮುಂದುವರಿಸಿದ್ದರು. ಅದಕ್ಕೇ ಅಲ್ಲಿ ನಡೆಯುತ್ತೆ, ಇಲ್ಲಿ ಯಾಕಿಲ್ಲ ಅಂತ ಜನ ತಲೆ ಕೆಡಿಸಿಕೊಳ್ಳುತ್ತಾರೆ.

ಇಲ್ಲೇ ಇನ್ನೊಂದು ಮಾತು ಹೇಳಬೇಕು, ಸಾಹುಕಾರರಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟಿದ್ದು. ಪೋಸ್ಟ್‌ಗ್ರೆಸ್ ಯಾವತ್ತೂ ಹೋಸ್ಟ್ಸ್.ಡಿನೈ ಓದುವುದಿಲ್ಲ. ಚಳ್ಳಕೆರೆಯಿಂದ ಹಳೇ ಸರ್ವರ್ ಏನೂ ಮಾಡದೆ ಸಿಗುತ್ತಿತ್ತು ಅಂದರೆ, ಪೋಸ್ಟ್‌ಗ್ರೆಸ್‌ನ ಬಾಗಿಲಾದ 5432 ಪೋರ್ಟ್ ಹೆಚ್ಚುಕಡಿಮೆ ಲೋಕಕ್ಕೆಲ್ಲ ತೆರೆದೇ ಇತ್ತು. ಕೆಟ್ಟಿರುವುದು ಹೊಸ ಸರ್ವರ್ ಅಂತ ನೀವು ಅಂದುಕೊಂಡಿದ್ದೀರಿ. ಡೇಟಾಬೇಸಿನ ಮಟ್ಟಿಗೆ ಹೊಸದೇ ಸರಿಯಾಗಿ ನಡೆದುಕೊಳ್ಳುತ್ತಿದೆ.

'ನೋ ರೂಟ್ ಟು ಹೋಸ್ಟ್' ಎಂಥವರನ್ನೂ ದಾರಿ ತಪ್ಪಿಸುವ ಸಂದೇಶ. ದಾರಿ ಇಲ್ಲ ಅಂತ ಓದಿದ ಕೂಡಲೇ ಎಲ್ಲರೂ ಕೇಬಲ್ ಹಿಡಿದು ಅಲ್ಲಾಡಿಸುತ್ತಾರೆ, ಬ್ರಾಡ್‌ಬ್ಯಾಂಡಿನವರ ಮೇಲೆ ಕೂಗಾಡುತ್ತಾರೆ. ನಿಮ್ಮ ಕೇಸಿನಲ್ಲಿ ದಾರಿ ಚೆನ್ನಾಗಿದೆ. ಆಲ್ಮಾದಲ್ಲಿ ಫೈರ್‌ವಾಲ್‌ಡಿ ಅನ್ನುವ ಫೈರ್‌ವಾಲ್ ಇರುತ್ತೆ. ಅದು ಬೇಡದ ಸಂಪರ್ಕವನ್ನು ಸುಮ್ನೆ ನುಂಗಿಹಾಕಲ್ಲ. 'ಇದಕ್ಕೆ ಅನುಮತಿ ಇಲ್ಲ' ಅಂತ ಒಂದು ಐಸಿಎಂಪಿ (ನೆಟ್‌ವರ್ಕಿನ ಸೂಚನೆ ಒಯ್ಯುವ ಸಂದೇಶ) ಉತ್ತರ ಕಳಿಸುತ್ತೆ. ಆ ಉತ್ತರ ಬಂದಾಗ ಚಳ್ಳಕೆರೆಯ ಲಿನಕ್ಸ್ ಅದನ್ನು 'ನೋ ರೂಟ್ ಟು ಹೋಸ್ಟ್' ಅಂತ ತೋರಿಸುತ್ತೆ. ಅಂಗಡಿಯಿಂದ ಸಿಗುತ್ತಿದೆಯಲ್ವಾ? ಸರ್ವರ್ ಹಾಕಿಕೊಟ್ಟವರು ಅಂಗಡಿಯ ಐಪಿಗೆ ಮಾತ್ರ 5432 ಬಿಟ್ಟಿರಬೇಕು. ಫೈರ್‌ವಾಲ್-ಸಿಎಂಡಿ ಕಮಾಂಡಿಗೆ ಲಿಸ್ಟ್-ಆಲ್ ಅಂತ ಕೊಟ್ಟರೆ ಆ ನಿಯಮ 'ರಿಚ್ ರೂಲ್ಸ್' ಅನ್ನುವ ಸಾಲಿನ ಕೆಳಗೆ ಕಾಣುತ್ತೆ. ಮೇಲೆ 'ಸರ್ವೀಸಸ್' ಸಾಲಿನಲ್ಲಿ ಎಸ್‌ಎಸ್‌ಎಚ್ ಅಂತಲೂ ಇರುತ್ತೆ. ಅದು ಎಲ್ಲರಿಗೂ ತೆರೆದಿದೆ ಅಂತ ಅರ್ಥ. ನಿಮ್ಮ ಎರಡೂ ತೊಂದರೆ ಆ ಒಂದೇ ಪರದೆಯಲ್ಲಿ ಇದೆ ನೋಡಿ.

ಬೇರೆ ಉತ್ತರಗಳಿಗೂ ಬೇರೆ ಅರ್ಥ ಇದೆ. 'ಕನೆಕ್ಷನ್ ರೆಫ್ಯೂಸ್ಡ್' ತಕ್ಷಣ ಬಂದರೆ ಪ್ಯಾಕೆಟ್ ಸರ್ವರ್ ತಲುಪಿದೆ, ಆದರೆ ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವವರು ಇಲ್ಲ. ಸಾಮಾನ್ಯವಾಗಿ ಪೋಸ್ಟ್‌ಗ್ರೆಸ್ ನಿಂತಿರುತ್ತೆ, ಇಲ್ಲವೇ 127.0.0.1ರಲ್ಲಿ ಮಾತ್ರ ಕೂತಿರುತ್ತೆ. ಪೋಸ್ಟ್‌ಗ್ರೆಸ್‌ನ ಹುಟ್ಟುಗುಣವೇ ಅದು, ಬದಲಾಯಿಸದಿದ್ದರೆ ತನ್ನ ಮೆಷಿನ್ನಿನವರ ಜೊತೆ ಮಾತ್ರ ಮಾತು. ಎಸ್‌ಎಸ್ ಕಮಾಂಡಿಗೆ ಟಿ, ಎಲ್, ಎನ್, ಪಿ ಆಯ್ಕೆ ಕೊಟ್ಟರೆ ಯಾವ ಪ್ರೋಗ್ರಾಂ ಯಾವ ಐಪಿಯಲ್ಲಿ ಕೂತಿದೆ ಅಂತ ಗೊತ್ತಾಗುತ್ತೆ. ಏನೂ ಹೇಳದೆ ಎರಡು ನಿಮಿಷದ ಮೇಲೆ ಕಾಯಿಸಿ 'ಟೈಮ್ಡ್ ಔಟ್' ಅಂದರೆ ಯಾರೋ ಪ್ಯಾಕೆಟ್ ನುಂಗುತ್ತಿದ್ದಾರೆ. ಬಾಡಿಗೆ ಸರ್ವರಿನಲ್ಲಿ ಅದು ಹೆಚ್ಚಾಗಿ ಕಂಪನಿಯ ಕಂಟ್ರೋಲ್ ಪ್ಯಾನಲ್ಲಿನಲ್ಲಿರುವ ಇನ್ನೊಂದು ಫೈರ್‌ವಾಲ್. ಸರ್ವರಿನ ಒಳಗೆ ಎಷ್ಟು ಹುಡುಕಿದರೂ ಅದು ಕಾಣುವುದಿಲ್ಲ. ಇನ್ನು 'ನೋ ಪಿಜಿ ಎಚ್‌ಬಿಎ ಎಂಟ್ರಿ' ಅಂತ ಬಂದರೆ ಖುಷಿಪಡಿ. ನೆಟ್‌ವರ್ಕ್ ಪೂರ್ತಿ ಸರಿ ಇದೆ, ಬೇಡ ಅಂದಿರುವುದು ಪೋಸ್ಟ್‌ಗ್ರೆಸ್. ಆ ಸಂದೇಶದಲ್ಲೇ ನಿಮ್ಮನ್ನು ಅದು ಯಾವ ಐಪಿಯಾಗಿ ನೋಡಿತು ಅಂತಲೂ ಬರೆದಿರುತ್ತೆ.

ನನ್ನ ಮಾತನ್ನು ನಂಬಲೇಬೇಕಿಲ್ಲ. ಸರ್ವರಿನಲ್ಲಿ, ಬರುವ ಹೋಗುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಓಡಿಸಿ, 5432 ಪೋರ್ಟ್ ಅಥವಾ ಐಸಿಎಂಪಿ ಅಂತ ಸೋಸಿ. ಚಳ್ಳಕೆರೆಯಲ್ಲಿರುವವರಿಗೆ ಫೋನ್ ಮಾಡಿ ಒಂದು ಸಲ ಕನೆಕ್ಟ್ ಮಾಡಿಸಿ. ಒಳಗೆ ಬರುವ ಪ್ಯಾಕೆಟ್ಟನ್ನು ಫೈರ್‌ವಾಲ್ ನೋಡುವ ಮೊದಲೇ ಟಿಸಿಪಿಡಂಪ್ ನೋಡಿರುತ್ತೆ. ಹಾಗಾಗಿ ಚೌಕ ಆವರಣದಲ್ಲಿ ಎಸ್ ಅಂತ ಇರುವ ಒಂದು ಸಾಲು ಬರುತ್ತೆ, ಅದು ಚಳ್ಳಕೆರೆಯಿಂದ ಬಂದ ಸಂಪರ್ಕದ ಕೋರಿಕೆ. ಅದರ ಬೆನ್ನಿಗೇ ನಿಮ್ಮ ಸರ್ವರ್ ಕಳಿಸಿದ 'ಅಡ್ಮಿನ್ ಪ್ರೊಹಿಬಿಟೆಡ್' ಸಾಲು. ಎರಡೂ ಕಂಡರೆ ಬ್ರಾಡ್‌ಬ್ಯಾಂಡಿನವರು ಹೇಳಿದ್ದು ಸತ್ಯ. ಮೊದಲ ಸಾಲೇ ಬರದಿದ್ದರೆ ಆಗ ಲೈನ್ ನೋಡೋಣ.

ಸ್ನೇಹಿತರ ಸಲಹೆಗಳಿಗೆ ಬರುತ್ತೇನೆ. ಪೋರ್ಟ್ 2222 ಮಾಡಿದರೆ ಲಾಗ್ ಶಾಂತವಾಗುತ್ತೆ, ಅದು ನಿಜ. ಸುಮ್ನೆ 22ನ್ನು ಮಾತ್ರ ತಟ್ಟುವ ಬಾಟ್‌ಗಳು ಹೋಗುತ್ತವೆ. ಆದರೆ ಸುಲಭದ ಪಾಸ್‌ವರ್ಡ್ ಇದ್ದರೆ ಅದು 2222ರಲ್ಲೂ ಸುಲಭದ್ದೇ. ಮೇಲಾಗಿ ಆಲ್ಮಾದಲ್ಲಿ ಎಸ್‌ಇಲಿನಕ್ಸ್ ಅನ್ನುವ ಇನ್ನೊಂದು ಕಾವಲು ಇದೆ. ಅದಕ್ಕೆ ಸೆಮ್ಯಾನೇಜ್ ಕಮಾಂಡಿನ ಮೂಲಕ ಹೊಸ ಪೋರ್ಟ್ ಹೇಳದೆ ಬದಲಾಯಿಸಿದರೆ ಎಸ್‌ಎಸ್‌ಎಚ್‌ಡಿ ಆ ಪೋರ್ಟಿನಲ್ಲಿ ಕೂರಲಾಗದೆ ಕೈಕೊಡುತ್ತೆ. ನೀವು ಹೆದರಿರುವುದೂ ಇದಕ್ಕೇ ಅಲ್ವಾ?

ಪಿಂಗ್ ಅಂದರೆ ಸರ್ವರ್ ಇದೆಯಾ ಅಂತ ಕೇಳುವ ಐಸಿಎಂಪಿ ಸಂದೇಶ. ಅದನ್ನು ಬಂದ್ ಮಾಡುವುದರಿಂದ ಲಾಭ ಏನೂ ಇಲ್ಲ, ತೊಂದರೆ ಜಾಸ್ತಿ. ಪಿಂಗ್ ಬಂದ್ ಮಾಡುವ ನೆಪದಲ್ಲಿ ಜನ ಐಸಿಎಂಪಿಯನ್ನೇ ಪೂರ್ತಿ ಬಂದ್ ಮಾಡಿಬಿಡುತ್ತಾರೆ. 'ಪ್ಯಾಕೆಟ್ ದೊಡ್ಡದಾಯಿತು, ಚಿಕ್ಕದು ಮಾಡಿ ಕಳಿಸು' ಅನ್ನುವ ಸಂದೇಶವೂ ಐಸಿಎಂಪಿಯಲ್ಲೇ ಬರುವುದು. ಅದು ನಿಂತರೆ ವಿಚಿತ್ರ ಕಾಯಿಲೆ ಶುರು: ಲಾಗಿನ್ ಆಗುತ್ತೆ, ಒಂದೆರಡು ಸಾಲು ಬರುತ್ತೆ, ದೊಡ್ಡ ರಿಪೋರ್ಟ್ ತೆಗೆದ ಕೂಡಲೇ ಪರದೆ ನಿಂತುಬಿಡುತ್ತೆ. ಸಣ್ಣ ಬಿಲ್ಲಿಗೆ ಏನೂ ಆಗಲ್ಲ, ತಿಂಗಳ ಲೆಡ್ಜರ್‌ಗೆ ಮಾತ್ರ ಸಿಕ್ಕಿಹಾಕಿಕೊಳ್ಳುತ್ತೆ. ಫೈರ್‌ವಾಲ್ ನಿಲ್ಲಿಸುವ ಸಲಹೆ ಕೊಟ್ಟವರಿಗೆ ಒಂದು ನಮಸ್ಕಾರ ಹೇಳಿ ಮುಂದೆ ಹೋಗೋಣ.

ಹಾಗಿದ್ದರೆ ಚಳ್ಳಕೆರೆಯ ಐಪಿಯನ್ನೂ ಸೇರಿಸಿದರೆ ಮುಗಿಯಿತಲ್ಲ ಅಂತ ನೀವು ಕೇಳುತ್ತೀರಿ. ಮೊದಲು ಅಲ್ಲಿನ ರೂಟರಿನ ಪುಟ ತೆರೆದು ಡಬ್ಲ್ಯುಎಎನ್ ಐಪಿ (ಹೊರಗಿನ ಕಡೆಯ ಐಪಿ) ನೋಡಿ. ಅದು 100.64ರಿಂದ 100.127ರ ಒಳಗೆ ಇದ್ದರೆ ನಿಮ್ಮ ಶಾಖೆಗೆ ಸ್ವಂತ ಪಬ್ಲಿಕ್ ಐಪಿ ಇಲ್ಲ. ಐಪಿವಿ4 ವಿಳಾಸಗಳ ಬರ ಬಂದಮೇಲೆ, ಕಂಪನಿಗಳು ಒಂದು ಪಬ್ಲಿಕ್ ಐಪಿಯನ್ನು ಬಹಳಷ್ಟು ಗಿರಾಕಿಗಳಿಗೆ ಹಂಚಲಿ ಅಂತ 2012ರಲ್ಲಿ ಆ ಸಾಲನ್ನೇ ಮೀಸಲಿಟ್ಟರು. ಅಂಥ ಐಪಿಯನ್ನು ಬಿಟ್ಟರೆ ಅದೇ ಐಪಿ ಹಂಚಿಕೊಂಡ ಬೇರೆ ಮನೆ, ಅಂಗಡಿಯವರಿಗೂ ಬಿಟ್ಟ ಹಾಗೆ. ನಾಳೆ ಆ ಐಪಿ ಬದಲಾದರೆ ಮತ್ತೆ ನಿಮಗೇ ಫೋನ್.

ನಿಮ್ಮ ಮುಂದೆ ಮೂರು ದಾರಿ ಇವೆ. ಶಾಖೆಗೂ ದುಡ್ಡು ಕಟ್ಟಿ ಬದಲಾಗದ (ಸ್ಟ್ಯಾಟಿಕ್) ಐಪಿ ತಗೊಳ್ಳಬಹುದು. ಸರಳ, ಆದರೆ ಲೈನ್ ಬಿದ್ದು ಮೊಬೈಲ್ ಹಾಟ್‌ಸ್ಪಾಟ್ ಹಾಕಿದ ದಿನ ಡೇಟಾಬೇಸ್ ಸಿಗಲ್ಲ. ಎರಡನೆಯದು ಎಸ್‌ಎಸ್‌ಎಚ್ ಟನಲ್, ಅಂದರೆ ಎಸ್‌ಎಸ್‌ಎಚ್ ಸಂಪರ್ಕದ ಒಳಗಿಂದಲೇ ಡೇಟಾಬೇಸಿಗೆ ಹೋಗುವುದು. ಒಬ್ಬರಿಗೆ, ಒಂದು ದಿನಕ್ಕೆ ಒಳ್ಳೆಯದು. ದಿನವಿಡೀ ಬಿಲ್ ಹಾಕುವವರಿಗೆ ಅದು ಕಡಿದಾಗಲೆಲ್ಲ ಮತ್ತೆ ಹಚ್ಚುವುದು ಬೇಸರ, ಮೇಲೆ ಎಸ್‌ಎಸ್‌ಎಚ್ ಹೊರಗೆ ತೆರೆದೇ ಇರಬೇಕು.

ನಾನು ಹೇಳುವುದು ಮೂರನೆಯದು, ವೈರ್‌ಗಾರ್ಡ್ ಅನ್ನುವ ವಿಪಿಎನ್ (ನಿಮ್ಮ ಕಂಪ್ಯೂಟರುಗಳ ನಡುವಿನ ಖಾಸಗಿ ಒಳದಾರಿ). 2020ರ ಮಾರ್ಚಿನಲ್ಲಿ ಬಂದ 5.6ರಿಂದ ಲಿನಕ್ಸ್ ಕರ್ನಲ್ಲಿನ ಒಳಗೇ ಇದೆ. ಸರ್ವರಿಗೆ, ಅಂಗಡಿಗೆ, ಚಳ್ಳಕೆರೆಯ ಎರಡು ಕಂಪ್ಯೂಟರಿಗೆ ಒಂದೊಂದು ಕೀ ಜೋಡಿ. ಹೊರಗೆ ತೆರೆಯುವುದು ಒಂದು ಯುಡಿಪಿ ಪೋರ್ಟ್, ರೂಢಿಯಲ್ಲಿ 51820. ಕೀ ಇಲ್ಲದವರು ತಟ್ಟಿದರೆ ಅದು ಉತ್ತರವನ್ನೇ ಕೊಡಲ್ಲ, ಅಲ್ಲಿ ಬಾಗಿಲಿದೆ ಅಂತಲೇ ಅವರಿಗೆ ಗೊತ್ತಾಗಲ್ಲ. ಶಾಖೆಯ ಐಪಿ ಎಷ್ಟು ಸಲ ಬದಲಾದರೂ ತಲೆಬಿಸಿ ಇಲ್ಲ. ಡೇಟಾಬೇಸು, ಎಸ್‌ಎಸ್‌ಎಚ್ ಎರಡನ್ನೂ ಈ ಒಳದಾರಿಗೆ ಮಾತ್ರ ಬಿಡಬಹುದು.

ಕಷ್ಟ ಎಲ್ಲಿ ಬರುತ್ತೆ ಅಂತಲೂ ಹೇಳಿಬಿಡುತ್ತೇನೆ. ಶಾಖೆಯ ಕಂಪ್ಯೂಟರಿನಲ್ಲಿ 'ಅಲೋಡ್ ಐಪೀಸ್' ಜಾಗಕ್ಕೆ ಸರ್ವರಿನ ಒಳ ಐಪಿ ಒಂದನ್ನೇ ಕೊಡಿ. 0.0.0.0/0 ಅಂತ ಹಾಕಿದರೆ ಚಳ್ಳಕೆರೆಯವರು ನೋಡುವ ವಿಡಿಯೋ ಕೂಡ ಮುಂಬೈ ಸರ್ವರ್ ಸುತ್ತಿಕೊಂಡು ಹೋಗಲು ನೋಡುತ್ತೆ. 'ಪರ್ಸಿಸ್ಟೆಂಟ್ ಕೀಪ್‌ಅಲೈವ್' 25 ಸೆಕೆಂಡ್ ಇಡಿ, ಇಲ್ಲದಿದ್ದರೆ ಮಧ್ಯದ ರೂಟರುಗಳು ಸಂಪರ್ಕವನ್ನು ಮರೆತುಬಿಡುತ್ತವೆ. ಇನ್ನೊಂದು ನಮ್ಮ ಕಡೆಯ ಕಾಯಿಲೆ. ಹಳೇ ಕಂಪ್ಯೂಟರಿನ ಮದರ್‌ಬೋರ್ಡ್ ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಗಡಿಯಾರ ಹಿಂದಕ್ಕೆ ಹೋಗುತ್ತೆ. ಮೊದಲು ಕಂಡ ಸಮಯಕ್ಕಿಂತ ಹಿಂದಿನ ಸಮಯ ಹೊತ್ತು ಬಂದ ಕೋರಿಕೆಯನ್ನು ವೈರ್‌ಗಾರ್ಡ್ ಒಪ್ಪಲ್ಲ, ಯಾರೋ ಹಳೇ ಪ್ಯಾಕೆಟ್ ಮತ್ತೆ ಕಳಿಸುತ್ತಿದ್ದಾರೆ ಅಂದುಕೊಳ್ಳುತ್ತೆ. 'ನಿನ್ನೆ ಸಂಜೆ ಸರಿ ಇತ್ತು, ಬೆಳಿಗ್ಗೆ ಬರುತ್ತಿಲ್ಲ' ಅಂತ ಫೋನ್ ಬಂದರೆ ಮೊದಲು ಆ ಕಂಪ್ಯೂಟರಿನ ತಾರೀಕು ಕೇಳಿ.

ಸರ್ವರ್ ಕಡೆಯೂ ಒಂದಿದೆ. ಪೋಸ್ಟ್‌ಗ್ರೆಸ್‌ಗೆ ವೈರ್‌ಗಾರ್ಡಿನ ಒಳ ಐಪಿಯಲ್ಲಿ ಕೂರು ಅಂತ ಹೇಳಿರುತ್ತೀರಿ. ಸರ್ವರ್ ರೀಬೂಟ್ ಆದಾಗ ಪೋಸ್ಟ್‌ಗ್ರೆಸ್ ಮೊದಲು ಎದ್ದು, ವೈರ್‌ಗಾರ್ಡ್ ಆಮೇಲೆ ಎದ್ದರೆ ಆ ಐಪಿ ಇನ್ನೂ ಹುಟ್ಟಿರುವುದಿಲ್ಲ. ಲಾಗಿನಲ್ಲಿ ಒಂದು ಎಚ್ಚರಿಕೆ ಬರೆದು ಪೋಸ್ಟ್‌ಗ್ರೆಸ್ ಸಿಕ್ಕ ಐಪಿಯಲ್ಲೇ ಸುಮ್ನೆ ಕೂರುತ್ತೆ. ಸರ್ವರ್ ಒಳಗಿಂದ ಎಲ್ಲ ಸರಿ, ಶಾಖೆಗೆ 'ರೆಫ್ಯೂಸ್ಡ್'. ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯಲ್ಲಿ ಪೋಸ್ಟ್‌ಗ್ರೆಸ್ ಸೇವೆಗೆ 'ವೈರ್‌ಗಾರ್ಡ್ ಆದಮೇಲೆ ಏಳು' ಅಂತ ಒಂದು ಸಾಲು ಸೇರಿಸಿದರೆ ಸರಿಹೋಗುತ್ತೆ.

ಇನ್ನು ನಿಮ್ಮ ಭಯ, ಹೊರಗೆ ಉಳಿಯುವುದು. ಆ ಭಯ ಇರಲಿ, ಒಳ್ಳೆಯದೇ. ಬಾಡಿಗೆ ಕಂಪನಿಯ ಪ್ಯಾನಲ್ಲಿನಲ್ಲಿ 'ಕನ್ಸೋಲ್' ಅಂತ ಇರುತ್ತೆ, ಕೀಬೋರ್ಡ್ ಮುಂದೆ ಕೂತ ಹಾಗೆ ಅದರಿಂದ ಒಳಗೆ ಹೋಗಬಹುದು. ಏನೇ ಮುಟ್ಟುವ ಮೊದಲು ಅಲ್ಲಿಂದ ಒಮ್ಮೆ ಲಾಗಿನ್ ಆಗಿ ನೋಡಿ. ರೂಟ್ ಪಾಸ್‌ವರ್ಡ್ ನೆನಪಿಲ್ಲ ಅಂತ ಆ ಹೊತ್ತಿಗೆ ಗೊತ್ತಾಗಬಾರದು.

ಫೈರ್‌ವಾಲ್‌ಡಿಯಲ್ಲಿ ಒಂದು ಅನುಕೂಲ ಇದೆ. 'ಪರ್ಮನೆಂಟ್' ಅಂತ ಹೇಳದೆ ಮಾಡಿದ ಬದಲಾವಣೆ ಈಗಿನ ಮಟ್ಟಿಗೆ ಮಾತ್ರ, ರೀಲೋಡ್ ಮಾಡಿದರೆ ಹಳೆಯದು ವಾಪಸ್. ಹಾಗಾಗಿ ಮೊದಲು ಅಟ್ ಕಮಾಂಡಿನಲ್ಲಿ 'ಹತ್ತು ನಿಮಿಷ ಬಿಟ್ಟು ಫೈರ್‌ವಾಲ್ ರೀಲೋಡ್ ಮಾಡು' ಅಂತ ಹೇಳಿಡಿ. ಅಟ್ ಸೇವೆ ಓಡುತ್ತಿದೆಯಾ ಅಂತಲೂ ನೋಡಿಕೊಳ್ಳಿ. ಆಮೇಲೆ ಅಂಗಡಿಯ ಐಪಿಗೆ ಎಸ್‌ಎಸ್‌ಎಚ್ ಬಿಡುವ ನಿಯಮ ಸೇರಿಸಿ, ವೈರ್‌ಗಾರ್ಡಿನ ಇಂಟರ್‌ಫೇಸನ್ನು ಬೇರೆ ಝೋನಿಗೆ (ಫೈರ್‌ವಾಲ್ ನಿಯಮಗಳ ಬೇರೆ ಗುಂಪಿಗೆ) ಹಾಕಿ ಅಲ್ಲಿ ಎಸ್‌ಎಸ್‌ಎಚ್, ಪೋಸ್ಟ್‌ಗ್ರೆಸ್ ಬಿಡಿ. ಕೊನೆಗೆ ಪಬ್ಲಿಕ್ ಝೋನಿನಿಂದ ಎಸ್‌ಎಸ್‌ಎಚ್ ತೆಗೆಯಿರಿ. ಈಗ ತೆರೆದಿರುವ ಕಿಟಕಿ ಕೆಲಸ ಮಾಡುತ್ತಿದೆ ಅಂತ ನೆಮ್ಮದಿಯಾಗಬೇಡಿ. ಆಗಲೇ ಹತ್ತಿದ ಸಂಪರ್ಕವನ್ನು ಫೈರ್‌ವಾಲ್ ಕಡಿಯುವುದಿಲ್ಲ. ಅದನ್ನು ಹಾಗೇ ಬಿಟ್ಟು, ಇನ್ನೊಂದು ಹೊಸ ಕಿಟಕಿಯಿಂದ ಲಾಗಿನ್ ಆಗಿ ನೋಡಿ. ಆಯಿತು ಅಂದರೆ ಅಟ್ ಕೆಲಸವನ್ನು ರದ್ದು ಮಾಡಿ, 'ರನ್‌ಟೈಮ್ ಟು ಪರ್ಮನೆಂಟ್' ಕೊಡಿ. ಆಗದಿದ್ದರೆ ಟೀ ಕುಡಿದು ಬನ್ನಿ, ಹತ್ತು ನಿಮಿಷಕ್ಕೆ ತಾನೇ ತೆರೆದುಕೊಳ್ಳುತ್ತೆ.

ಕೀ ಹಾಕಿದ ಮೇಲೆ ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿ. ಆದರೆ ಬಂದ್ ಆಗಿದೆ ಅಂತ ಫೈಲ್ ನೋಡಿ ನಂಬಬೇಡಿ. ಎಸ್‌ಎಸ್‌ಎಚ್‌ಡಿ ಸೆಟ್ಟಿಂಗಿನಲ್ಲಿ ಮೊದಲು ಸಿಕ್ಕ ಮಾತೇ ಕೊನೆಯ ಮಾತು. ಆಲ್ಮಾ 9ರಲ್ಲಿ ಒಂದು ಫೋಲ್ಡರಿನಲ್ಲಿರುವ ಚಿಕ್ಕ ಫೈಲುಗಳನ್ನು ಮುಖ್ಯ ಫೈಲಿನ ಉಳಿದ ಸಾಲುಗಳಿಗಿಂತ ಮೊದಲೇ ಓದಲಾಗುತ್ತೆ. ಬಾಡಿಗೆ ಸರ್ವರುಗಳಲ್ಲಿ ಮೊದಲ ಸಲ ಸೆಟ್ಟಿಂಗ್ ಮಾಡುವ ಕ್ಲೌಡ್-ಇನಿಟ್ ಪ್ರೋಗ್ರಾಂ ಅಲ್ಲಿ 'ಪಾಸ್‌ವರ್ಡ್ ಇರಲಿ' ಅಂತ ಬರೆದಿಟ್ಟಿದ್ದರೆ, ನೀವು ಕೆಳಗೆ 'ಬೇಡ' ಅಂತ ಬರೆದದ್ದು ವ್ಯರ್ಥ. ಎಸ್‌ಎಸ್‌ಎಚ್‌ಡಿಗೆ ದೊಡ್ಡಕ್ಷರದ ಟಿ ಆಯ್ಕೆ ಕೊಟ್ಟರೆ ಅದು ನಿಜವಾಗಿ ಏನು ಪಾಲಿಸುತ್ತಿದೆ ಅಂತ ಪಟ್ಟಿ ಕೊಡುತ್ತೆ. ಅದನ್ನು ನಂಬಿ.

ಪದೇ ಪದೇ ತಪ್ಪು ಪಾಸ್‌ವರ್ಡ್ ಹಾಕುವ ಐಪಿಯನ್ನು ತಡೆಯುವ ಫೇಲ್‌2ಬ್ಯಾನ್ ಬೇಕಾ ಅಂತ ಆಮೇಲೆ ಕೇಳುತ್ತೀರಿ. ಎಸ್‌ಎಸ್‌ಎಚ್ ಹೊರಗೆ ಕಾಣದಿದ್ದಮೇಲೆ ನಿಮಗೆ ಬೇಕಿಲ್ಲ.

ಕೆಲಸವನ್ನು ಮಾರುಕಟ್ಟೆ ರಜೆಯ ದಿನ ಇಟ್ಟುಕೊಳ್ಳಿ, ಮೆಕ್ಕೆಜೋಳದ ಆವಕ ಜೋರಾಗಿರುವ ವಾರ ಖಂಡಿತ ಬೇಡ. ಎಲ್ಲ ಮುಗಿದ ಮೇಲೆ ಅಂಗಡಿಯ ವೈಫೈ ಬಿಟ್ಟು, ಫೋನಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪ್ ಹಾಕಿ, ವೈರ್‌ಗಾರ್ಡ್ ಆರಿಸಿ, ಸರ್ವರಿನ 22 ಮತ್ತು 5432ಕ್ಕೆ ಹೊರಗಿನವರ ಹಾಗೆ ತಟ್ಟಿ ನೋಡಿ. ಎರಡಕ್ಕೂ ಬೇಡ ಅನ್ನಿಸಿಕೊಳ್ಳಬೇಕು. ಆಮೇಲೆ ವೈರ್‌ಗಾರ್ಡ್ ಹಚ್ಚಿ ತಟ್ಟಿ, ಎರಡೂ ಸಿಗಬೇಕು. ಹೋಸ್ಟ್ಸ್.ಡಿನೈ, ಹೋಸ್ಟ್ಸ್.ಅಲೋ ಎರಡನ್ನೂ ಆ ದಿನವೇ ಅಳಿಸಿಬಿಡಿ. ನಿಮ್ಮ ನಂತರ ಬರುವವರು ಅದನ್ನು ನೋಡಿ ಎಸ್‌ಎಸ್‌ಎಚ್ ಭದ್ರವಾಗಿದೆ ಅಂದುಕೊಳ್ಳುವುದು ಬೇಡ.